ಸುರಂಗ ಒಂದು ಉಳಿದಿದೆ

ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯ ಆಚೀಚೆ ಇರುವ ಊರುಗಳಲ್ಲಿ ನಮ್ಮದೂ ಒಂದು. ಊರಿನ ಹೆಸರು ಬರೆಯುವುದಿಲ್ಲ. ಹುಡೇದ ಗುಡ್ಡ ಎಂದರೆ ಆ ಕಡೆಯವರಿಗೆ ಸಾಕು. ಈಗ ಗುಡ್ಡದ ಮೇಲೆ ಉದ್ಯಾನವಿದೆ, ಸಂಜೆ ಕೂರಲು ಸಿಮೆಂಟಿನ ಬೆಂಚುಗಳಿವೆ. ಬಾಗಿಲ ಬಲಕ್ಕೆ ಗುಡ್ಡದ ಇತಿಹಾಸ ಕೊರೆದ ಕಲ್ಲಿನ ಫಲಕವಿದೆ. ಅದರಲ್ಲಿ ಆರು ಸಾಲು. ನಾಲ್ಕನೆಯದು ಹೀಗಿದೆ: ‘ಇಲ್ಲಿ ಪ್ರಾಚೀನ ಸುರಂಗಮಾರ್ಗವೊಂದರ ಅವಶೇಷವಿದೆ.’ ಆ ಸಾಲು ಸುಳ್ಳು. ಆರೂ ಸಾಲು ಬರೆದವನು ನಾನು. ಉಳಿದ ಐದು ನಿಜ.

ಆ ಸುಳ್ಳು ಹೇಗೆ ಹುಟ್ಟಿತು, ಅದಕ್ಕಾಗಿ ಯಾರ ಕೈ ಹೋಯಿತು ಎಂಬುದನ್ನು ಬರೆದಿಡಬೇಕಾಗಿದೆ. ನನಗೆ ಎಂಬತ್ತೈದು ದಾಟಿದೆ. ಗೊತ್ತಿದ್ದವರು ಯಾರೂ ಉಳಿದಿಲ್ಲ.

ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾಗಿ ನಾಲ್ಕೈದು ವರ್ಷವಾಗಿತ್ತು. ನಾನು ಮೆಟ್ರಿಕ್ ಮುಗಿಸಿ ಗುಡ್ಡದ ಕೆಲಸದಲ್ಲಿ ಹಂಗಾಮಿ ಕಾರಕೂನನಾಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಸಂಜೆ ಆ ದಿನ ಏನೇನು ಕೆಲಸವಾಯಿತೆಂದು ದಿನಚರಿ ಬರೆಯುವುದು, ಇಷ್ಟು ನನ್ನ ಪಾಲಿನದು. ನಮ್ಮ ಕಚೇರಿಯ ಹಳೆಯ ದಿನಚರಿಗಳೆಲ್ಲ ಮರಾಠಿಯಲ್ಲಿದ್ದವು. ಕನ್ನಡದಲ್ಲಿ ಬರೆಯತೊಡಗಿದ ಮೊದಲ ಕಾರಕೂನ ನಾನೇ. ಆ ಹೆಮ್ಮೆ ನನಗೆ ಬಹಳ ಇತ್ತು. ಅಕ್ಷರ ದುಂಡಗಿದ್ದವು. ವಾಕ್ಯ ಚಿಕ್ಕದಾಗಿರಬೇಕು ಎಂದು ಶಾಲೆಯ ಮಾಸ್ತರರು ಹೇಳಿಕೊಟ್ಟಿದ್ದರು.

ಗುಡ್ಡದ ನೆತ್ತಿಯಲ್ಲಿ ಅರ್ಧ ಕುಸಿದ ದುಂಡು ಬುರುಜು ಇತ್ತು. ನಮ್ಮಲ್ಲಿ ಅದಕ್ಕೆ ಹುಡೇವು ಎನ್ನುತ್ತಾರೆ. ಪಡುವಣ ಬದಿಗೆ ಕೋಟೆ ಗೋಡೆಯ ತುಂಡು, ಉತ್ತರಕ್ಕೆ ಕಲ್ಲಿನಲ್ಲಿ ಕೊರೆದ ಎರಡು ನೀರಿನ ಹೊಂಡ. ಉಳಿದುದೆಲ್ಲ ಮುಳ್ಳುಕಂಟಿ, ದನ ಮೇಯುವ ಜಾಗ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಸಂಸಾರಗಳು ನಮ್ಮೂರಿನಲ್ಲೂ ಬಾಡಿಗೆಗೆ ನಿಲ್ಲತೊಡಗಿದ್ದವು. ಊರು ಬೆಳೆಯುತ್ತಿದೆ, ಮಂದಿಗೆ ಗಾಳಿಗೆ ಕೂರಲು ಜಾಗ ಬೇಕು ಎಂದು ಊರಿನ ಕಮಿಟಿಯವರು ಗುಡ್ಡವನ್ನು ಉದ್ಯಾನ ಮಾಡಲು ಹೊರಟರು. ನೆತ್ತಿಯಲ್ಲಿ ನೀರಿನ ಟಾಕಿ, ಸುತ್ತಿಕೊಂಡು ಏರುವ ಜೀಪಿನ ದಾರಿ. ಮೂಡಣ ಬದಿಗೆ ಕರಿಯ ಬಂಡೆಯೊಂದು ದಾರಿಗೆ ಅಡ್ಡ ಬಂತು. ಅದನ್ನು ಒಡೆಯಲು ಮೇಸ್ತ್ರಿ ಬಂದ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಸುರಂಗ ಎಂದರೆ ಬಂಡೆಗೆ ತೂತು ಕೊರೆದು ಮದ್ದು ತುಂಬಿದ್ದು. ಸುರಂಗ ಹಾಕುವುದು, ಸುರಂಗ ಹಾರಿಸುವುದು. ಬಾವಿ ತೋಡಿಸುವ ಯಾವ ರೈತನಾದರೂ ಹೀಗೆಯೇ ಅನ್ನುತ್ತಾನೆ. ನೆಲದೊಳಗಿನ ದಾರಿಗೆ ನಾವು ಗವಿ ಎನ್ನುತ್ತಿದ್ದೆವು. ಪುಸ್ತಕದಲ್ಲಿ ಸುರಂಗ ಎಂದರೆ ನೆಲದೊಳಗಿನ ದಾರಿ ಎಂದು ನಾನು ಓದಿದ್ದೆ. ಓದಿದ್ದು ಬೇರೆ, ಬಾಯಲ್ಲಿ ಬರುವುದು ಬೇರೆ.

ಮೇಸ್ತ್ರಿ ಬೆಳಗಾವಿ ಕಡೆಯವನು. ಐವತ್ತರ ಹತ್ತಿರದವನು, ಗಿಡ್ಡ ಆಳು. ಎಡಮೀಸೆ ಬಲಮೀಸೆಗಿಂತ ಮೋಟು. ಯಾವುದೋ ಹಳೆಯ ಸುರಂಗ ಸುಟ್ಟದ್ದಂತೆ, ಆಮೇಲೆ ಸರಿಯಾಗಿ ಬೆಳೆಯಲೇ ಇಲ್ಲ. ಆಳುಗಳು ಆ ಮೀಸೆಯ ಬಗ್ಗೆ ಚೇಷ್ಟೆ ಮಾಡಿದರೆ, ಇದು ನನ್ನ ಸರ್ಟಿಫಿಕೇಟು, ನಿಮ್ಮ ಕಡೆ ಐತೇನು ಎಂದು ಕೇಳುತ್ತಿದ್ದ.

ಅವನ ಕೆಲಸದ ರೀತಿ ನೋಡುವಂತಿತ್ತು. ಒಬ್ಬ ಉದ್ದನೆಯ ಉಕ್ಕಿನ ಸಲಾಕೆ ಹಿಡಿದು ಪ್ರತಿ ಪೆಟ್ಟಿಗೂ ತಿರುಗಿಸುತ್ತಾನೆ, ಇನ್ನೊಬ್ಬ ಮೇಲಿನಿಂದ ಸುತ್ತಿಗೆ ಹೊಡೆಯುತ್ತಾನೆ. ತೂತಿಗೆ ನೀರು ಹಾಕಿ, ಉದ್ದ ಹಿಡಿಯ ಚಮಚದಿಂದ ಕಲ್ಲಿನ ರಾಡಿ ತೆಗೆಯುತ್ತಾರೆ. ಎರಡು ಮೊಳ ಆಳವಾದ ಮೇಲೆ ಚಿಂದಿ ಸುತ್ತಿದ ಕಡ್ಡಿಯಿಂದ ತೂತನ್ನು ಒಣಗಿಸುತ್ತಾರೆ. ಮುಂದಿನದು ಮೇಸ್ತ್ರಿಯೊಬ್ಬನದೇ. ಜಿಲೆಟಿನ್ ಕಡ್ಡಿಗಳನ್ನು ಇಳಿಸಿ, ಮದ್ದನ್ನು ಸಿಡಿಸುವ ಕೇಪಿಗೆ ಬತ್ತಿ ಸಿಕ್ಕಿಸಿ, ಮೇಲೆ ಜಿಗುಟು ಮಣ್ಣು ತುಂಬಿ ಕಟ್ಟಿಗೆಯ ದಾಂಡಿನಿಂದ ಮೆಲ್ಲಗೆ ಗಟ್ಟಿ ಮಾಡುತ್ತಿದ್ದ. ಕಬ್ಬಿಣವನ್ನು ಆ ಹೊತ್ತಿನಲ್ಲಿ ಹತ್ತಿರಕ್ಕೂ ತರಗೊಡುತ್ತಿರಲಿಲ್ಲ. ಆಳೊಬ್ಬನ ಸೊಂಟದಲ್ಲಿದ್ದ ಕುಡುಗೋಲನ್ನು ಬಿಚ್ಚಿಸಿ ಗುಡ್ಡದ ಬುಡಕ್ಕೆ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಎಣಿಕೆ ತಪ್ಪದಿರಲು ಅವನಿಗೊಂದು ಪದ್ಧತಿ ಇತ್ತು. ಎಷ್ಟು ಸುರಂಗವೋ ಅಷ್ಟು ಹರಳುಕಲ್ಲು ಎಡಮುಷ್ಟಿಯಲ್ಲಿ. ಬತ್ತಿ ಹೊತ್ತಿಸಿ, ಸೀಟಿ ಊದಿ, ಕೆಂಪು ಬಾವುಟದ ಹಿಂದೆ ಬಂದು ನಿಲ್ಲುತ್ತಿದ್ದ. ಒಂದು ಸದ್ದಾದರೆ ಒಂದು ಹರಳು ಹಿಂದಕ್ಕೆ ಒಗೆಯುತ್ತಿದ್ದ. ಮುಷ್ಟಿ ಖಾಲಿಯಾಗುವವರೆಗೆ ಯಾರೂ ಕದಲುವಂತಿಲ್ಲ. ಕೆಲಸದ ಉಸ್ತುವಾರಿಯ ಓವರ್ಸಿಯರ್ ಕೂಡ ಹಾಗೇ ನಿಲ್ಲಬೇಕಿತ್ತು.

ಮಳೆಗಾಲಕ್ಕೆ ಮುಂಚಿನ ಕೊನೆಯ ದಿನ ಎಂಟು ಸುರಂಗ ಹಾಕಿದ್ದರು. ಏಳು ಸದ್ದಾದವು. ನಾವೆಲ್ಲ ಕಾದೆವು. ಓವರ್ಸಿಯರು ಎಲ್ಲಾ ಹಾರಿದವೇನೋ ಎಂದು ಕೇಳಿದರು. ಮೇಸ್ತ್ರಿ ಮುಷ್ಟಿ ಬಿಚ್ಚಿ ತೋರಿಸಿದ. ಅಂಗೈಯಲ್ಲಿ ಕಂದು ಬಣ್ಣದ ಒಂದು ಹರಳಿತ್ತು.

“ಇಲ್ರಿ ಸಾಹೇಬ್ರ. ಒಂದ ಉಳದೈತಿ.”

ಹಾರದೆ ಉಳಿದ ಸುರಂಗವನ್ನು ಕೆದಕಬಾರದು, ಮಣ್ಣು ತೆಗೆಯಲೂಬಾರದು. ಮರುದಿನ ಅದರ ಪಕ್ಕಕ್ಕೆ, ಒಂದು ಮೊಳ ಬಿಟ್ಟು, ಹೊಸ ತೂತು ಕೊರೆದು ಹಾರಿಸಬೇಕು. ಹೊಸದರ ಜೊತೆ ಹಳೆಯದೂ ಹೋಗುತ್ತದೆ. ಮೇಸ್ತ್ರಿ ಒಂದು ದಿನ ಕೇಳಿದ. ಆದರೆ ಮಧ್ಯಾಹ್ನಕ್ಕೇ ಮಳೆ ಹಿಡಿಯಿತು. ಸಾಮಾನು, ಆಳುಗಳನ್ನು ಜೋಯಿಡಾ ಕಡೆಯ ರಾಮನಗರದ ರಸ್ತೆ ಕೆಲಸಕ್ಕೆ ಒಯ್ಯಲು ಲಾರಿ ಬಂದು ನಿಂತಿತ್ತು. ಮಳೆಗಾಲ ಮುಗಿದ ಮೇಲೆ ನೋಡಿದರಾಯಿತು ಎಂದು ಓವರ್ಸಿಯರು ಛತ್ರಿ ಬಿಚ್ಚಿಕೊಂಡು ಇಳಿದುಹೋದರು.

ಮೇಸ್ತ್ರಿ ಮಳೆಯಲ್ಲೇ ಒಂಬತ್ತು ಕಲ್ಲು ಹುಡುಕಿ ತಂದು, ಸುಣ್ಣ ಬಳಿದು, ಆ ತೂತಿನ ಸುತ್ತ ಬಳೆಯಂತೆ ಇಟ್ಟ. ಆಮೇಲೆ ಹುಡೇವಿನ ಬುಡದಲ್ಲಿ ಮಂಡಿಯೂರಿ, ಬಲಗೈ ಮೊಣಕೈಯಿಂದ ನಡುಬೆರಳ ತುದಿಯವರೆಗೆ ನೆಲಕ್ಕೆ ಒತ್ತಿ ಒತ್ತಿ ಅಳೆಯುತ್ತಾ ಬಂದ. ಹದಿನೆಂಟು ಮೊಳ.

“ಬರಕೋರಿ ಕಾರಕೂನರ. ಮಳಿ ಮುಗದ ಕೂಡಲೆ ನನಗ ಹೇಳಿ ಕಳಸ್ರಿ.”

ನಾನು ಬರೆದೆ. ಆ ಪುಟ ಈಗಲೂ ಕಣ್ಣ ಮುಂದಿದೆ. ‘ಹುಡೇವಿನ ಬುಡದಿಂದ ಪೂರ್ವಕ್ಕೆ ಹದಿನೆಂಟು ಮೊಳದ ಅಂತರದಲ್ಲಿ ಸುರಂಗ ಒಂದು ಉಳಿದಿದೆ. ಆಳ ಎರಡು ಮೊಳ. ಬಾಯಿ ಮಣ್ಣಿನಿಂದ ಮುಚ್ಚಿದೆ. ಮಳೆಗಾಲದ ತರುವಾಯ ನೋಡತಕ್ಕದ್ದು.’ ಮೇಸ್ತ್ರಿಗೆ ಓದಿ ಹೇಳಿದೆ. ಚಲೋ ಬರದೀರಿ ಎಂದ. ಲಾರಿ ಹತ್ತುವ ಮುಂಚೆ ಆ ಹರಳನ್ನು ನನ್ನ ಕೈಗಿಟ್ಟ.

“ಇದು ನಿಮ್ಮ ಕಡೆ ಇರ್ಲಿ. ನಾ ಬಂದು ಹಾರಸ್ತೇನಿ, ಆಮ್ಯಾಲೆ ಒಗಿಯೂಣು. ಕಳೀಬ್ಯಾಡ್ರಿ ಮತ್ತ. ಹರಳ ಕಳದ್ರ ಸುರಂಗ ಮರತಂಗ.”

ನಾನು ಹರಳನ್ನು ಕಳೆಯಲಿಲ್ಲ. ಮೇಜಿನ ಮೇಲೆ ಬರೆಯುವ ಟಾಕುಗಳನ್ನಿಡುವ ತಟ್ಟೆಯಲ್ಲಿಟ್ಟಿದ್ದೆ. ದಿನಾ ಕಣ್ಣಿಗೆ ಬೀಳುತ್ತಿತ್ತು.

ಮಳೆಗಾಲದಲ್ಲಿ ಓವರ್ಸಿಯರಿಗೆ ಜೋಯಿಡಾ ಕಡೆಗೆ ವರ್ಗವಾಯಿತು. ದಸರೆಯ ನಂತರ ಹೊಸ ಎಂಜಿನಿಯರು ಬಂದರು. ಮೈಸೂರು ಕಡೆಯವರು, ವಯಸ್ಸು ನನಗಿಂತ ಏಳೆಂಟು ವರ್ಷ ಹೆಚ್ಚು. ಒಳ್ಳೆಯವರು, ಇದನ್ನು ಒತ್ತಿ ಹೇಳುತ್ತೇನೆ. ಹಳೆಯ ಕಲ್ಲು, ಶಾಸನ ಎಂದರೆ ಊಟ ಮರೆಯುವ ಮನುಷ್ಯ. ಬಂದ ವಾರದಲ್ಲೇ ನನ್ನ ದಿನಚರಿಗಳನ್ನು ಮೊದಲಿನಿಂದ ಓದಿದರು. ಒಂದು ದಿನ ಬೆಳಿಗ್ಗೆ ಕಮಿಟಿಯ ಅಧ್ಯಕ್ಷರು, ಇನ್ನಿಬ್ಬರು ಹಿರಿಯರು ಕೂತಿದ್ದಾಗ ನನ್ನನ್ನು ಕರೆಸಿದರು. ದಿನಚರಿ ಅವರ ಮುಂದೆ ತೆರೆದಿತ್ತು.

“ಏನ್ರೀ ಇದು? ಸುರಂಗ ಒಂದು ಉಳಿದಿದೆ ಅಂತ ಬರ್ದಿದೀರ. ಇಂಥಾ ವಿಷಯ ಐದು ತಿಂಗ್ಳಿಂದ ಹೀಗೇ ಬಿದ್ದಿದೆಯಾ?”

ಮಳೆ ನಿಂತು ಹದಿನೈದು ದಿನವಾಗಿತ್ತು, ನಾನಿನ್ನೂ ಮೇಸ್ತ್ರಿಗೆ ಹೇಳಿ ಕಳಿಸಿರಲಿಲ್ಲ. ತಪ್ಪಾತ್ರಿ ಎಂದೆ.

“ತಪ್ಪು ಇರ್ಲಿ. ಒಳಗೆ ಹೋಗಿ ನೋಡಿದೀರಾ?”

ಆ ಪ್ರಶ್ನೆ ಕೇಳಿದಾಗಲೇ ನನಗೆ ಅರ್ಥವಾದದ್ದು. ಅವರು ನನ್ನ ವಾಕ್ಯದಲ್ಲಿ ಬೇರೆಯೇ ಏನನ್ನೋ ಓದಿದ್ದರು. ಬಾಯಿಗೆ ಬಂದದ್ದನ್ನು ಹೇಳಿದೆ:

“ಒಳಗ ಹೋಗಾಕ ಬರೂದಿಲ್ರಿ.”

“ಮುಚ್ಚಿಕೊಂಡಿದೆ, ಸರಿ. ಬಗೆಸೋಣ.”

ಒಳಗೆ ಹೋಗುವ ಮಾತು ಕಿವಿಗೆ ಬಿದ್ದದ್ದೇ ಅಧ್ಯಕ್ಷರು ಕುರ್ಚಿಯಲ್ಲಿ ಮುಂದೆ ಸರಿದರು. ಅವರ ಅಜ್ಜ ಹೇಳುತ್ತಿದ್ದರಂತೆ, ಆ ಹಾದಿ ಸೀದಾ ಹಳಿಯಾಳದ ಕೋಟೆಗೆ ಹೋಗುತ್ತದಂತೆ. ಇನ್ನೊಬ್ಬ ಹಿರಿಯರು, ಹಳಿಯಾಳಕ್ಕಲ್ಲ, ನದಿಗೆ ಎಂದರು. ರಾಣಿಯೊಬ್ಬಳು ಅದರಲ್ಲಿ ಪಾರಾದದ್ದು ಮೂರನೆಯವರಿಗೆ ಗೊತ್ತಿತ್ತು. ಎಂಜಿನಿಯರು ಇದನ್ನೆಲ್ಲ ಬರೆದುಕೊಂಡರು. ನನ್ನ ಕಡೆ ತಿರುಗಿ, ಈ ಭಾಗದಲ್ಲಿ ಇಷ್ಟು ಶುದ್ಧವಾಗಿ ಕನ್ನಡ ಬರೆಯುವ ಕಾರಕೂನನನ್ನು ನಾನು ಕಂಡಿರಲಿಲ್ಲ ಎಂದರು.

ಸಾಹೇಬರೇ, ನಮ್ಮಲ್ಲಿ ಸುರಂಗ ಅಂದರೆ ಮದ್ದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆ ಮೂವರ ಮುಂದೆ ಎಂಜಿನಿಯರನ್ನು ನಗೆಪಾಟಲು ಮಾಡಿದಂತಾಗುತ್ತದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನಾನು ಹೆದರಿದ್ದು ನನ್ನ ಸಲುವಾಗಿ. ಜೀವಂತ ಮದ್ದು ದನ ಮೇಯುವ ಗುಡ್ಡದಲ್ಲಿ ಐದು ತಿಂಗಳಿಂದ ಇದೆ, ಅದನ್ನು ಬರೆದವನೇ ಮರೆತು ಕೂತಿದ್ದ ಎಂದಾದರೆ ಹಂಗಾಮಿ ಕಾರಕೂನ ಆ ದಿನವೇ ಮನೆಗೆ.

ಕಚೇರಿಯಿಂದ ಬಂದವನೇ ರಾಮನಗರಕ್ಕೆ ಕಾರ್ಡು ಬರೆದೆ. ಮೇಸ್ತ್ರಿ ಬಂದು ದಾರಿಯ ಕೆಲಸದ ನೆವದಲ್ಲಿ ಪಕ್ಕಕ್ಕೊಂದು ಸುರಂಗ ಹಾಕಿ ಹಾರಿಸಿಬಿಟ್ಟರೆ ಎಲ್ಲ ಮುಗಿಯುತ್ತದೆ ಎಂಬ ಲೆಕ್ಕ. ಕಾರ್ಡನ್ನು ಪೋಸ್ಟಿನವರೂ ಓದುತ್ತಾರೆ. ಆದ್ದರಿಂದ ಇಷ್ಟೇ ಬರೆದೆ: ‘ಸುರಂಗದ ಕೆಲಸ ಇದೆ. ಕೂಡಲೇ ಬರಬೇಕು.’ ಎರಡನೆಯ ಸಲವೂ ಅದೇ ತಪ್ಪು, ಬಿಡಿಸಿ ಬರೆಯಲಿಲ್ಲ. ಗುಡ್ಡದಲ್ಲಿ ಅಗೆಯುತ್ತಿದ್ದಾರೆಂದು ಅದರಲ್ಲಿ ಇರಲಿಲ್ಲ.

ಎಂಜಿನಿಯರು ಎರಡು ದಿನದಲ್ಲಿ ಅಗೆತ ಶುರು ಮಾಡುವುದೆಂದರು. ಜಾಗ ನೀವೇ ತೋರಿಸಿ ಎಂದರು. ಆ ಸಂಜೆ, ಬೆಳಕಿರುವಾಗಲೇ, ನಾನೊಬ್ಬನೇ ಗುಡ್ಡ ಹತ್ತಿದೆ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಮಳೆಗೆ ಮಣ್ಣು ಸರಿದು ಬಂಡೆಯನ್ನು ಮುಚ್ಚಿತ್ತು. ಆದರೆ ಒಂಬತ್ತು ಕಲ್ಲು ಇದ್ದ ಜಾಗದಲ್ಲೇ ಇದ್ದವು, ಸುಣ್ಣ ಮಾಸಿದ್ದರೂ ಬಿಳಿ ಕಾಣುತ್ತಿದ್ದವು. ಎಂಜಿನಿಯರು ನೋಡಿದರೆ ಇದೇನು ಎಂದು ಕೇಳುತ್ತಾರೆ. ನಾನು ಒಂದೊಂದನ್ನೇ ಎತ್ತಿ ಕೆಳಗಿನ ಕೊರಕಲಿಗೆ ಉರುಳಿಸಿದೆ. ಕಲ್ಲುಗಳನ್ನು ಎತ್ತುವಾಗ ಕಾಲನ್ನು ಬಳೆಯ ಒಳಗೆ ಇಡದಂತೆ ಜಾಗ್ರತೆ ಮಾಡಿದ್ದು ನೆನಪಿದೆ. ನನ್ನ ಕಾಲಿನ ಬಗ್ಗೆ ಅಷ್ಟು ಎಚ್ಚರ ಇತ್ತು.

ಮರುದಿನ ಅಲ್ಲಿಂದ ಬಹಳ ದೂರ, ಉತ್ತರಕ್ಕೆ, ನೀರಿನ ಹೊಂಡದ ಪಕ್ಕದ ಜಾಗ ತೋರಿಸಿದೆ. ಮುಂಡಗೋಡ ತಾಲೂಕಿನ ಸನವಳ್ಳಿಯಿಂದ ಬಂದಿದ್ದ ಅಣ್ಣತಮ್ಮಂದಿರಿಬ್ಬರು ಅಗೆತಕ್ಕೆ ನಿಂತರು. ಇಬ್ಬರೂ ಹಣೆಗೆ ವಿಭೂತಿ ಹಚ್ಚದೆ ಗುದ್ದಲಿ ಮುಟ್ಟುವವರಲ್ಲ. ಎರಡು ದಿನ ಅಗೆದರು. ಗಡಿಗೆಯ ಚೂರು, ತುಕ್ಕು ಹಿಡಿದ ಕುದುರೆಯ ಲಾಳ ಸಿಕ್ಕವು. ಎಂಜಿನಿಯರು ಲಾಳವನ್ನು ತಮ್ಮ ಕರವಸ್ತ್ರದಲ್ಲೇ ಒರೆಸಿದರು. ಇಬ್ಬರಲ್ಲಿ ಅಣ್ಣನಾದವನು, ಕುದುರಿ ಇಲ್ಲೇ ಐತಿ ಅಂದ್ರ ರಾಣಿ ನಡಕೋತ ಹೋಗ್ಯಾಳು ಬಿಡ್ರಿ ಎಂದ. ಎಲ್ಲರೂ ನಕ್ಕರು. ನಾನು ರಸ್ತೆಯ ಕಡೆ ನೋಡುತ್ತಿದ್ದೆ. ರಾಮನಗರದ ಕಡೆಯಿಂದ ಮೋಟಾರು ಬರುವುದು ಗುಡ್ಡದ ಮೇಲಿಂದ ಕಾಣುತ್ತಿತ್ತು. ಮೇಸ್ತ್ರಿ ಇಳಿಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೇಳಿಬಿಡಬೇಕೆಂದು ನಿಶ್ಚಯಿಸಿ, ಹರಳನ್ನು ಜೇಬಿನಲ್ಲಿಟ್ಟುಕೊಂಡು ಎಂಜಿನಿಯರ ಬಿಡಾರಕ್ಕೆ ಹೋದೆ. ಅವರು ದಾಡಿ ಮಾಡಿಕೊಳ್ಳುತ್ತಿದ್ದರು. ಕನ್ನಡಿಯಲ್ಲೇ ನನ್ನನ್ನು ನೋಡಿ, ಮೇಜಿನ ಮೇಲಿನ ಕಾಗದ ಓದಿ ಎಂದರು. ನನ್ನನ್ನು ಖಾಯಂ ಮಾಡಬೇಕೆಂದು ಅವರು ಬರೆದ ಶಿಫಾರಸು. ಅದರಲ್ಲಿ, ಗುಡ್ಡದ ಐತಿಹಾಸಿಕ ಮಹತ್ವವನ್ನು ಮೊದಲು ಗುರುತಿಸಿದವನು ಎಂದಿತ್ತು. ಫಲಕಕ್ಕೆ ಬೇಕಾದ ಇತಿಹಾಸವನ್ನೂ ನೀವೇ ಬರೀಬೇಕು ಎಂದರು. ನಾನು ಹರಳನ್ನು ಜೇಬಿನಿಂದ ತೆಗೆಯಲಿಲ್ಲ. ಸಾಹೇಬರೇ, ಎಂದೆ. ಏನು ಎಂದರು. ಉಪಕಾರ ಆತ್ರಿ ಎಂದೆ.

ಗುಡ್ಡಕ್ಕೆ ಹೋದ ಮೇಲೆ ಅವರು ದಿನಚರಿಯನ್ನೂ ಟೇಪನ್ನೂ ತೆಗೆದರು. ಹದಿನೆಂಟು ಮೊಳ ಎಂದರೆ ಇಪ್ಪತ್ತೇಳು ಅಡಿ, ಪೂರ್ವಕ್ಕೆ, ನೀವು ತೋರಿಸಿದ್ದು ಉತ್ತರ ಆಯಿತಲ್ಲ ಎಂದರು. ಐದು ತಿಂಗಳ ಹಿಂದಿನ ಮಾತು, ಹುಲ್ಲು ಬೆಳೆದಿದೆ, ಗುರುತು ತಪ್ಪಿರಬೇಕು ಎಂದೆ. ಅವರು ನಂಬಿದರು. ಹುಡೇವಿನ ಬುಡದಿಂದ ಟೇಪು ಹಿಡಿಸಿ ಗೂಟ ಹೊಡೆದರು.

ಗೂಟ ಬಿದ್ದದ್ದು ಸುರಂಗದ ಮೇಲಲ್ಲ. ಮೇಸ್ತ್ರಿ ಗಿಡ್ಡ ಆಳು, ಅವನ ಮೊಳ ಸರಕಾರಿ ಮೊಳಕ್ಕಿಂತ ಒಂದೂವರೆ ಇಂಚು ಕಮ್ಮಿ. ಹದಿನೆಂಟು ಮೊಳಕ್ಕೆ ಎರಡು ಅಡಿಗೂ ಮೇಲೆ ಫರಕು. ಗುಂಡಿ ಸುರಂಗದಿಂದ ಅಷ್ಟು ಆಚೆ ಶುರುವಾಯಿತು. ಮೊದಲ ದಿನ ಕೆಳಕ್ಕೆ ಅಗೆದರು. ನಾನು ನೆರಳಲ್ಲಿ ಕೂತು ಹಾಜರಿ ಪುಸ್ತಕ ಹಿಡಿದು ಪ್ರತಿ ಪೆಟ್ಟನ್ನೂ ಕೇಳುತ್ತಿದ್ದೆ. ಮಣ್ಣಿಗೆ ಬಿದ್ದರೆ ಧಬ್ಬೆನ್ನುತ್ತದೆ, ಕಲ್ಲಿಗೆ ಬಿದ್ದರೆ ಠಣ್ಣೆನ್ನುತ್ತದೆ. ಪ್ರತಿ ಠಣ್ಣಿಗೂ ಬೆರಳು ಜೇಬಿನ ಹರಳಿನ ಮೇಲೆ ಹೋಗುತ್ತಿತ್ತು. ಕೆಳಗೆ ಬರೀ ಬಂಡೆ ಸಿಕ್ಕರೆ ಬಿಟ್ಟುಬಿಡುತ್ತಾರೆ ಎಂಬ ಆಸೆ. ಸಂಜೆಗೆ ಬಂಡೆ ಸಿಕ್ಕಿತು. ಎಂಜಿನಿಯರು ಇಳಿದು ನೋಡಿ, ಬಾಯಿ ಪಕ್ಕಕ್ಕಿರಬಹುದು, ನಾಳೆ ಗುಂಡಿಯನ್ನು ಹುಡೇವಿನ ಕಡೆಗೆ ಅಗಲ ಮಾಡಿ ಎಂದರು.

ಮರುದಿನ ನಾನು ಮೈಯಲ್ಲಿ ಹುಷಾರಿಲ್ಲ ಎಂದು ಮನೆಯಲ್ಲಿ ಉಳಿಯಬಹುದಿತ್ತು. ಹಾಗೂ ಯೋಚಿಸಿದ್ದೆ. ಹೋದೆ. ಗುಂಡಿಯಿಂದ ದೂರ, ಬಾವುಟ ನಿಲ್ಲಿಸುತ್ತಿದ್ದಷ್ಟು ದೂರದಲ್ಲಿ, ಕೂತೆ. ಇಷ್ಟು ದೂರ ಯಾಕೆ, ಇತಿಹಾಸ ಹತ್ತಿರದಿಂದ ನೋಡಿ ಎಂದು ಎಂಜಿನಿಯರು ಕರೆದರು. ಅವರ ಪಕ್ಕಕ್ಕೆ ಹೋಗಿ ನಿಂತೆ.

ಹತ್ತು ಗಂಟೆಯ ಹೊತ್ತಿಗೆ ಮೇಸ್ತ್ರಿ ಬರುವುದು ಕಂಡಿತು. ಹೆಗಲಿಗೆ ಚೀಲ, ತಲೆಗೆ ರುಮಾಲು, ಹೊಸ ದಾರಿಯಲ್ಲಿ ನಿಧಾನ ಏರಿ ಬರುತ್ತಿದ್ದ. ಮಗಳ ಮನೆಗೆ ಹೋಗಿದ್ದನಂತೆ, ಕಾರ್ಡು ಹಿಂದಿನ ದಿನ ಸಿಕ್ಕಿತಂತೆ. ಗುಂಡಿಯಲ್ಲಿ ಅಣ್ಣ ಹಾರೆಯಿಂದ ಬಂಡೆಯ ಬದಿಯ ಮಣ್ಣು ಕೆಡವುತ್ತಿದ್ದ. ಇಲ್ಲಿ ಮೆತ್ತಗೈತ್ರಿ, ತೂತ ಇದ್ದಂಗೈತಿ, ಹಾರಿ ಇಳ್ಯಾಕತ್ತೈತಿ ಎಂದ. ಎಂಜಿನಿಯರು ಬಗ್ಗಿದರು.

ಮೇಸ್ತ್ರಿ ನನ್ನ ಹತ್ತಿರ ಬಂದು ಕೈ ಮುಗಿದ. ಸುತ್ತ ಕಣ್ಣಾಡಿಸಿದ. ನಗುತ್ತಲೇ ಕೇಳಿದ:

“ಕಾರಕೂನರ, ನನ್ನ ಬಿಳಿ ಕಲ್ಲ ಎಲ್ಲೆವ್ರಿ?”

ಅವನು ನನ್ನ ಮುಖ ನೋಡಿದ. ಹುಡೇವಿನ ಬುಡ ನೋಡಿದ, ಅಲ್ಲಿಂದ ಗುಂಡಿಯವರೆಗೆ ಕಣ್ಣಲ್ಲೇ ಅಳೆದ. ಚೀಲ ಕೆಳಗೆ ಬಿತ್ತು.

“ಹಾರಿ ಬಿಡಬ್ಯಾಡೋ ಯಪ್ಪಾ. ಹಂಗs ಹಿಡದ ನಿಂದ್ರು.”

ದನಿ ಎತ್ತಿರಲಿಲ್ಲ. ಮಲಗಿದ ಕೂಸಿನ ಹತ್ತಿರ ಮಾತಾಡುವಂತೆ ಹೇಳಿ ಗುಂಡಿಗೆ ಇಳಿದ. ಅಣ್ಣನನ್ನು ಹಿಂದಕ್ಕೆ ಸರಿಸಿ ಹಾರೆಯನ್ನು ತಾನು ಹಿಡಿಯಬೇಕೆಂದಿದ್ದ. ಅಣ್ಣನಿಗೆ ಏನೂ ತಿಳಿಯದೆ, ಹೆದರಿ, ಕೈ ಬಿಟ್ಟ. ಹಾರೆ ಬೀಳದಂತೆ ಮೇಸ್ತ್ರಿ ಎಡಗೈಯಿಂದ ಅವನನ್ನು ನೂಕಿ ಬಲಗೈ ಚಾಚಿದ. ಅಷ್ಟರಲ್ಲಿ ಹಾರೆ ತೂತಿಗೆ ಇಳಿದು ಕೇಪಿಗೆ ತಾಗಿತ್ತು.

ಮಳೆನೀರು ಇಳಿದು ಮದ್ದು ಕೆಟ್ಟಿತ್ತು. ಕೇಪು, ಮೇಲಿನ ಒಂದು ಕಡ್ಡಿ ಮಾತ್ರ ಹೊತ್ತಿಕೊಂಡವು. ಎಲ್ಲವೂ ಹತ್ತಿದ್ದರೆ ಅಂದು ನಾನೂ ಉಳಿಯುತ್ತಿರಲಿಲ್ಲ. ಹೊಗೆ ಸರಿದಾಗ ಅಣ್ಣ ಗುಂಡಿಯ ಅಂಚಿನಲ್ಲಿ ಕೂತಿದ್ದ, ಮುಖಕ್ಕೆ ಗೀರುಗಳಷ್ಟೇ. ಎಂಜಿನಿಯರಿಗೂ ನನಗೂ ಮಣ್ಣು ಮೆತ್ತಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮೇಸ್ತ್ರಿ ಬಂಡೆಗೆ ಒರಗಿದ್ದ. ಬಲಗೈ ಮಣಿಕಟ್ಟಿನಿಂದ ಕೆಳಗೆ ಇರಲಿಲ್ಲ. ತಮ್ಮನ ಧೋತರ ಹರಿದು ಬಿಗಿದು ಕಟ್ಟಿ, ಜೀಪಿನಲ್ಲಿ ಮಲಗಿಸಿ ಧಾರವಾಡಕ್ಕೆ ಒಯ್ದರು. ಹದಿನೆಂಟು ಮೊಳ ಅಳೆದಿದ್ದು ಅದೇ ಕೈ.

ತಿಂಗಳೊಪ್ಪತ್ತಿನ ನಂತರ ವಿಚಾರಣೆ ನಡೆಯಿತು. ಮೇಲಿನ ಅಧಿಕಾರಿಯೊಬ್ಬರು ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಕೂತು ಕೇಳಿದರು. ಮೇಸ್ತ್ರಿ ಬಂದಿದ್ದ, ಮೋಟು ಕೈಗೆ ಬಟ್ಟೆ ಸುತ್ತಿತ್ತು, ಕಿವಿ ಮಂದವಾಗಿತ್ತು. ಗಟ್ಟಿಯಾಗಿ ಕೇಳಬೇಕಿತ್ತು. ಒಂಬತ್ತು ಕಲ್ಲು ಇಟ್ಟಿದ್ದೆ ಎಂದ. ಕಲ್ಲು ಯಾರೂ ಕಂಡಿರಲಿಲ್ಲ. ಹಳೆಯ ಓವರ್ಸಿಯರು ತಮಗೆ ಏನೂ ನೆನಪಿಲ್ಲವೆಂದು ಜೋಯಿಡಾದಿಂದ ಬರೆದು ಕಳಿಸಿದ್ದರು. ಕಾರಕೂನರಿಗೆ ಹೇಳಿ ಬರೆಸಿದ್ದೆ ಎಂದ. ದಿನಚರಿ ಓದಿದರು. ಅಧಿಕಾರಿಯೂ ನಮ್ಮ ಕಡೆಯವರಲ್ಲ. ಸುರಂಗ ಎಂದು ಬರೆದಿದೆ, ಮದ್ದು ಎಂದು ಎಲ್ಲಿದೆ ಎಂದು ನನ್ನನ್ನು ಕೇಳಿದರು.

ಆಗ ನಾನು ಹೇಳಿದ್ದು ಇದು: ಮೇಸ್ತ್ರಿ ಹೇಳಿದ ಶಬ್ದವನ್ನು ಹಾಗೆಯೇ ಬರೆದೆ. ಅದು ನೆಲದೊಳಗಿನ ದಾರಿ ಎಂದೇ ತಿಳಿದಿದ್ದೆ. ಮದ್ದಿನ ಸಂಗತಿ ನನಗೆ ಗೊತ್ತಿರಲಿಲ್ಲ.

ಮೇಸ್ತ್ರಿಗೆ ಅದನ್ನು ಗಟ್ಟಿಯಾಗಿ ತಿರುಗಿ ಹೇಳಿದರು. ಅವನು ಸಿಟ್ಟಾಗಲಿಲ್ಲ. ನನಗೆ ಏನೋ ಮರೆವಾಗಿದೆ, ನೆನಪು ಮಾಡಿಕೊಡಬೇಕು ಎಂಬಂತೆ ನನ್ನ ಕಡೆ ತಿರುಗಿದ.

“ಹರಳ ಕೊಟ್ಟಿದ್ನಲ್ರಿ ನಿಮ್ಮ ಕೈಯಾಗ. ಅದನ್ನರ ಹೇಳ್ರಿ ಅವರಿಗೆ.”

ಅಧಿಕಾರಿ ನನ್ನನ್ನು ನೋಡಿದರು. ಎಂಜಿನಿಯರೂ ನೋಡಿದರು. ಹರಳು ನನ್ನ ಅಂಗಿಯ ಜೇಬಿನಲ್ಲಿತ್ತು.

“ಯಾವ ಹರಳ?” ಎಂದೆ.

ಮೇಸ್ತ್ರಿಗೆ ಅದು ಕೇಳಿಸಲಿಲ್ಲ. ಆದರೆ ನನ್ನ ತುಟಿ ನೋಡುತ್ತಿದ್ದ. ಹಾರದ ಸುರಂಗವನ್ನು ತಿಳಿಸದೆ ಬಿಟ್ಟುಹೋದವನೆಂದು ಅವನ ಪರವಾನಗಿ ರದ್ದಾಯಿತು. ನಾನು ಖಾಯಂ ಆದೆ.

ಸ್ಫೋಟಕ್ಕೆ ಬಂಡೆಯ ಬದಿಯಲ್ಲಿ ಒಂದು ಗುಹೆಯಂಥ ಪೊಳ್ಳು ಬಿದ್ದಿತ್ತು. ಸುರಂಗದ ಬಾಯಿ ಕುಸಿದಿದೆ ಎಂದು ಊರು ಹೇಳಿತು. ಅದೆಲ್ಲ ತಪ್ಪು ಎಂದು ಎಂಜಿನಿಯರೂ ಹೇಳಲಿಲ್ಲ. ಅಷ್ಟರಲ್ಲಿ ಅವರಿಗೂ ನಿಜ ತಿಳಿದಿತ್ತೆಂದು ನನ್ನ ಅನಿಸಿಕೆ. ವರ್ಗವಾಗಿ ಹೋಗುವಾಗ ಅವರು ನನ್ನೊಡನೆ ಮಾತಾಡಲಿಲ್ಲ. ಫಲಕದ ಆರು ಸಾಲು ಬರೆದುಕೊಡಿ ಎಂದು ಕಮಿಟಿಯವರು ಕೇಳಿದರು. ಬರೆದುಕೊಟ್ಟೆ.

ಉದ್ಯಾನ ತೆರೆದ ಮೇಲೆ ಕನಿಕರಕ್ಕೆ ಮೇಸ್ತ್ರಿಯನ್ನೇ ಬಾಗಿಲ ಕಾವಲಿಗೆ ಇಟ್ಟರು. ಹದಿಮೂರು ಹದಿನಾಲ್ಕು ವರ್ಷ ಅವನು ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಬಂದವರು ಸುರಂಗ ಎಲ್ಲಿ ಎಂದು ಕೇಳಿದರೆ ಮೋಟು ಕೈಯಿಂದ ದಾರಿ ತೋರಿಸಿ, “ಹೋಗ್ರಿ, ಅಲ್ಲೈತಿ. ನಾನs ಹಾಕಿದ್ದು ಅದು” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮುದುಕ ಮೋಜಿನವನು ಎನ್ನುತ್ತಿದ್ದರು. ಅವನು ಒಂದು ದಿನವೂ ಸುಳ್ಳು ಹೇಳಲಿಲ್ಲ. ನಾನು ಬೇರೆ ದಾರಿಯಿಂದ ಕಚೇರಿಗೆ ಹೋಗುತ್ತಿದ್ದೆ.

ಅವನು ಕೆಲಸ ಬಿಟ್ಟು ಊರಿಗೆ ಹೊರಟ ದಿನ ಬಾಗಿಲ ಹತ್ತಿರ ಹೋದೆ. ಹರಳನ್ನು ಅವನ ಎಡ ಅಂಗೈಯಲ್ಲಿಟ್ಟೆ. ಅವನು ಅದನ್ನು ಹೊರಳಿಸಿ ನೋಡಿದ, ಗುರುತು ಹಿಡಿದ. ಎಸೆಯುತ್ತಾನೆಂದುಕೊಂಡೆ. ಅವನು ನನ್ನ ಕೈ ಹಿಡಿದು ಹರಳನ್ನು ತಿರುಗಿ ಅದರಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿದ.

“ನಂದು ಹಾರೇತ್ರಿ. ನಿಮ್ಮದಿನ್ನೂ ಹಾರಿಲ್ಲ. ಎಲ್ಲಾರ ಕಿವಿಗೂ ಬೀಳೂವಂಗ ಹಾರಲಿ, ಆಮ್ಯಾಲೆ ಒಗೀರಿ.”

ಅವನು ತೀರಿಕೊಂಡು ಬಹಳ ವರ್ಷವಾಯಿತು. ಹೋದ ತಿಂಗಳು ಮೊಮ್ಮಗಳ ಕೈ ಹಿಡಿದುಕೊಂಡು ಕಚೇರಿಗೆ ಹೋಗಿ, ಫಲಕದ ನಾಲ್ಕನೆಯ ಸಾಲು ತೆಗೆಯಬೇಕೆಂದು ಅರ್ಜಿ ಕೊಟ್ಟೆ. ಕಾರಣವನ್ನೂ ಬರೆದಿದ್ದೆ. ನನ್ನ ಕುರ್ಚಿಯಲ್ಲಿ ಈಗ ಕೂರುವ ಹುಡುಗಿ ಪೂರಾ ಓದಿದಳು. ಮಂದಿ ಬರೋದs ಸುರಂಗ ನೋಡಾಕ್ರಿ ಅಜ್ಜಾರ, ಅದನ್ನ ತಗದ್ರ ಗುಡ್ಡದಾಗ ಏನ ಉಳೀತೈತಿ ಎಂದು ಕೇಳಿದಳು. ಆಮೇಲೆ ಅರ್ಜಿಗೆ ಶಿಕ್ಕಾ ಹೊಡೆದು ಒಳಗಿಟ್ಟಳು.

ಸಾಲು ಇನ್ನೂ ಹಾಗೆಯೇ ಇದೆ. ಅದಕ್ಕೇ ಇದನ್ನು ಬರೆದೆ. ಒಂಬತ್ತು ಕಲ್ಲು ಉರುಳಿಸಿದವನು ನಾನು. ಹರಳು ನನ್ನ ಜೇಬಿನಲ್ಲಿತ್ತು. ಈಗ ಅದು ಈ ಕಾಗದದ ಪಕ್ಕದಲ್ಲಿದೆ. ಇದು ಅಚ್ಚಾಗಿ ನಾಲ್ಕು ಜನ ಓದಿದರೆಂದು ಕಿವಿಗೆ ಬಿದ್ದ ದಿನ, ಯಾರಾದರೂ ಕೈ ಹಿಡಿದು ಗುಡ್ಡ ಹತ್ತಿಸಿದರೆ, ಹುಡೇವಿನ ಬುಡದಲ್ಲಿ ನಿಂತು ಒಗೆಯುತ್ತೇನೆ. ಅಲ್ಲಿಯವರೆಗೆ ಮುಷ್ಟಿ ಬಿಚ್ಚುವಂತಿಲ್ಲ.